ಜರ್ಮನಿಯ ಸಣ್ಣ ಊರೊಂದರ ಸರೋವರದಲ್ಲಿ ಮಗಳು ಈಜಲು ಹೊರಟಿದ್ದಾಳೆ: ಬಲ್ಲವರು ದಯವಿಟ್ಟು ತಿಳಿಸಿ

ಪ್ರಶ್ನೆ: ಬದಿಯಡ್ಕ ಸಮೀಪದ ಕೃಷಿಕ

ಮಾನ್ಯರೇ,

ನನ್ನ ಮಗಳು ಸಂಶೋಧನೆಗೆಂದು ಕಳೆದ ಮಾರ್ಚ್ ತಿಂಗಳಲ್ಲಿ ಉತ್ತರ ಜರ್ಮನಿಯ ಪ್ಲೋನ್ ಎಂಬ ಸಣ್ಣ ಪಟ್ಟಣಕ್ಕೆ ಹೋಗಿ ನೆಲೆಸಿದ್ದಾಳೆ. ಒಂಬತ್ತು ಸಾವಿರದಷ್ಟು ಜನರಿರುವ ಊರಂತೆ. ಗುಡ್ಡದ ಮೇಲೊಂದು ಬಿಳಿಯ ಅರಮನೆ, ಅದರ ಬುಡದಲ್ಲೇ ಸರೋವರ. ಷ್ಲೆಸ್ವಿಗ್-ಹೋಲ್‌ಷ್ಟೈನ್ ರಾಜ್ಯದ ಸರೋವರಗಳಲ್ಲಿ ಅದೇ ದೊಡ್ಡದೆಂದೂ, ತೀರಾ ಆಳವಾದ ಕಡೆ 50 ಮೀಟರಿಗೂ ಮಿಕ್ಕಿ ನೀರಿದೆಯೆಂದೂ ಅವಳೇ ಹೇಳಿದಳು. ಚಳಿಯ ದಿನಗಳು ಕಳೆದು ಈಗ ಅಲ್ಲಿ ಬೇಸಗೆ ಕಾಲಿಟ್ಟಿದೆ. ರಾತ್ರಿ ಒಂಬತ್ತೂವರೆಯ ತನಕವೂ ಬೆಳಕಿರುವುದರಿಂದ ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಸಂಜೆ ಸರೋವರಕ್ಕೆ ಹೋಗಿ ಈಜುತ್ತಾರಂತೆ. ಇವಳೂ ಹೋಗಬೇಕೆಂದಿದ್ದಾಳೆ.

ಅವಳಿಗೆ ಈಜು ಬರುತ್ತದೆ. ಎಂಟನೆಯ ವಯಸ್ಸಿನಲ್ಲಿ ನಾನೇ ನಮ್ಮ ತೋಟದ ಕೆರೆಯಲ್ಲಿ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅವುಗಳ ನಡುವಿನ ಹಗ್ಗ ಎದೆಯ ಕೆಳಗೆ ಬರುವಂತೆ ಮಲಗಿಸಿ ಕಲಿಸಿದ್ದೆ. ಎರಡನೆಯ ಬೇಸಗೆಯಲ್ಲಿ ಕಾಯಿಗಳನ್ನು ಬಿಟ್ಟು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದಳು. ಆದರೆ ನಮ್ಮ ಕೆರೆಯ ಉದ್ದ ಹದಿನೈದು ಮೀಟರ್ ಇದ್ದೀತು. ನಾಲ್ಕು ಸುತ್ತಲೂ ಕಲ್ಲು ಕಟ್ಟಿದೆ, ಎಲ್ಲಿ ಸುಸ್ತಾದರೂ ಕೈಗೆ ಕಲ್ಲು ಸಿಗುತ್ತದೆ. ಅವಳು ಮೊನ್ನೆ ಕಳುಹಿಸಿದ ಚಿತ್ರದಲ್ಲಿ ಮರದ ಹಲಗೆಯ ಕಿರುಸೇತುವೆಯೊಂದು ನೀರಿನೊಳಕ್ಕೆ ಚಾಚಿಕೊಂಡಿದೆ. ಅದರ ತುದಿಯಿಂದ ಆಚೆಗೆ ನೀರು ಕಡುಗಪ್ಪಾಗಿದೆ, ಎದುರು ದಡ ಒಂದು ಗೆರೆಯಷ್ಟೇ. ಆ ಚಿತ್ರವನ್ನು ನೋಡಿದ ಮೇಲೆ ನನಗೂ ಮನೆಯವಳಿಗೂ ನೆಮ್ಮದಿಯಿಲ್ಲ.

ಬೇಡವೆಂದು ಹೇಳಲು ನನಗೆ ಮನಸ್ಸಿಲ್ಲ. ಅವಳಿಗೆ ನೀರೆಂದರೆ ಪ್ರಾಣ, ಕಲಿಸಿದವನೂ ನಾನೇ. ಆದರೆ ನಮ್ಮ ನೀರಿಗೂ ಅಲ್ಲಿನ ನೀರಿಗೂ ಏನು ವ್ಯತ್ಯಾಸ, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂಬುದನ್ನು ಅಲ್ಲಿ ಇದ್ದು ಬಂದವರೋ ಈಜು ಕಲಿಸುವವರೋ ವಿವರವಾಗಿ ತಿಳಿಸಿದರೆ ಅದನ್ನು ಹಾಗೆಯೇ ಅವಳಿಗೆ ಕಳುಹಿಸುತ್ತೇನೆ.

ಉತ್ತರ 1: ನೀರ್ಚಾಲಿನಿಂದ, ಉತ್ತರ ಜರ್ಮನಿಯಲ್ಲಿ ಏಳು ವರ್ಷ ಇದ್ದು ಬಂದವಳು

ನಿಮ್ಮ ಪ್ರಶ್ನೆಯನ್ನು ಓದಿ ನನ್ನ ಮೊದಲ ಜೂನ್ ತಿಂಗಳು ಕಣ್ಣೆದುರು ಬಂತು. ನಾನೂ ತೋಟದ ಕೆರೆಯಲ್ಲಿ ಕಲಿತವಳು, ಮಳೆಗಾಲ ಇಳಿದ ಮೇಲೆ ಹೊಳೆಯ ಕಯದಲ್ಲಿ ಅಣ್ಣಂದಿರ ಜೊತೆ ಈಜಿದವಳು. ಅಲ್ಲಿಗೆ ಹೋದ ವರ್ಷ ಜೂನ್ ಮೊದಲ ವಾರದ ಒಂದು ಮಧ್ಯಾಹ್ನ, ಹೊರಗೆ 29 ಡಿಗ್ರಿ ಬಿಸಿಲು, ಗೆಳತಿಯರೆಲ್ಲ ನೀರಿಗಿಳಿಯುತ್ತಿದ್ದರು. ನೀವು ಹೇಳಿದಂಥದೇ ಹಲಗೆಯ ತುದಿಯಿಂದ ನಾನು ನೇರವಾಗಿ ಹಾರಿದೆ. ನೀರಿನೊಳಗೆ ಹೋದ ಕ್ಷಣದಲ್ಲಿ ನನ್ನ ಎದೆ ತಾನಾಗಿ ಉಸಿರನ್ನು ಒಳಕ್ಕೆಳೆಯಿತು. ನಾನು ಎಳೆದುಕೊಂಡದ್ದಲ್ಲ, ಅದಾಗಿಯೇ ಆಯಿತು. ತಲೆ ಮೇಲೆ ಬರುವಷ್ಟರಲ್ಲಿ ಬಾಯಿ ತುಂಬ ನೀರು. ಮೇಲೆ ಬಂದ ನಂತರವೂ ಉಸಿರು ಮೇಲಿಂದ ಮೇಲೆ ಬರುತ್ತಿತ್ತೇ ಹೊರತು ಕೈ ಬೀಸಲು ಆಗುತ್ತಿರಲಿಲ್ಲ. ಕಂಬ ಎರಡು ಮಾರು ದೂರದಲ್ಲಿ ಇದ್ದುದರಿಂದ ಹಿಡಿದುಕೊಂಡೆ. ಆ ಕಂಬದ ಮೇಲಿನ ಪಾಚಿಯ ಲೋಳೆ ನನ್ನ ಅಂಗೈಗೆ ಈಗಲೂ ನೆನಪಿದೆ.

ಆ ದಿನ ನೀರು 16 ಡಿಗ್ರಿ ಇತ್ತೆಂದು ಆಮೇಲೆ ತಿಳಿಯಿತು. ನಮ್ಮ ಕೆರೆಯ ನೀರು ವರ್ಷವಿಡೀ 26-28 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಆದ್ದರಿಂದ ತಣ್ಣೀರು ಎಂಬುದು ನಮಗೆ ಒಂದು ಹಿತವಾದ ಅನುಭವವೇ ಹೊರತು ಎಚ್ಚರಿಕೆಯ ವಿಷಯವಲ್ಲ. ನಿಮ್ಮ ಮಗಳಿಗೆ ಮೊದಲು ಮನವರಿಕೆ ಆಗಬೇಕಾದದ್ದು ಇದೇ: ಅಲ್ಲಿ ಗಾಳಿಯ ಬಿಸಿಗೂ ನೀರಿನ ಬಿಸಿಗೂ ಸಂಬಂಧವಿಲ್ಲ. ಗಾಳಿ ಒಂದೇ ದಿನದಲ್ಲಿ ಕಾಯುತ್ತದೆ, ಸರೋವರ ಕಾಯಲು ತಿಂಗಳುಗಳು ಬೇಕು. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮೇಲ್ನೀರು 20 ಡಿಗ್ರಿಯನ್ನು ದಾಟುತ್ತದೆ, ಆಗ ನಿಜವಾಗಿಯೂ ಸುಖ.

ಮೇಲ್ನೀರು ಎಂದೆ, ಏಕೆಂದರೆ ಕೆಳಗಿನ ನೀರಿನ ಕಥೆ ಬೇರೆ. ನೀರು 4 ಡಿಗ್ರಿಯಲ್ಲಿ ಅತಿ ಭಾರ. ಚಳಿಗಾಲದಲ್ಲಿ ತಣಿದ ಭಾರದ ನೀರು ಆಳದಲ್ಲಿ ಕುಳಿತಿರುತ್ತದೆ, ಬೇಸಗೆಯ ಬಿಸಿಲು ಮೇಲಿನ ಪದರವನ್ನು ಮಾತ್ರ ಕಾಯಿಸುತ್ತದೆ, ಹಗುರಾದ ಆ ಬಿಸಿನೀರು ಕೆಳಕ್ಕೆ ಇಳಿಯದೆ ಎಣ್ಣೆಯಂತೆ ಮೇಲೆಯೇ ನಿಲ್ಲುತ್ತದೆ. ಎರಡರ ನಡುವೆ ಕೆಲವೇ ಅಡಿಗಳಲ್ಲಿ ಹತ್ತು ಡಿಗ್ರಿಯಷ್ಟು ಇಳಿದುಬಿಡುವ ಒಂದು ಪದರವಿದೆ. ಗಾಳಿಗೆ ತೆರೆದುಕೊಂಡ ದೊಡ್ಡ ಸರೋವರದಲ್ಲಿ ಈ ಪದರ ಬೇಸಗೆಯ ಕೊನೆಗೆ ಸಾಕಷ್ಟು ಕೆಳಗೆ ಹೋಗಿರುತ್ತದೆ. ಮರಗಳ ಮರೆಯಲ್ಲಿರುವ ಸಣ್ಣ ಸರೋವರಗಳಲ್ಲಿ ಎರಡು ಮೂರು ಮೀಟರಿನಲ್ಲೇ ಇರುತ್ತದೆ. ನಿಂತು ತೇಲುವವನ ಕಾಲಿಗೆ ಅದು ಥಟ್ಟನೆ ತಾಗಬಹುದು, ಮುಳುಗು ಹಾಕುವವನು ಒಮ್ಮೆಲೇ ಅದರೊಳಗೆ ಹೋಗಬಹುದು. ಅಂದಹಾಗೆ, ಪ್ಲೋನ್ ಎಂಬುದು ಸರೋವರ ವಿಜ್ಞಾನಕ್ಕೇ ಹೆಸರಾದ ಊರು. 19ನೆಯ ಶತಮಾನದ ಕೊನೆಯಲ್ಲಿ ಒಟ್ಟೋ ಜಕಾರಿಯಾಸ್ ಎಂಬವರು ಸಿಹಿನೀರಿನ ಜೀವಿಗಳ ಅಧ್ಯಯನಕ್ಕೆ ಅಲ್ಲಿ ಕೇಂದ್ರವೊಂದನ್ನು ತೆರೆದಿದ್ದರು. ನಿಮ್ಮ ಮಗಳು ಹೋಗಿರುವುದೂ ಸಂಶೋಧನೆಗೇ ಆದುದರಿಂದ ಈ ಪದರಗಳ ಮಾತನ್ನು ಅವಳು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಾಳು.

ಎಲ್ಲಿ ಇಳಿಯಬೇಕು ಎಂಬುದಕ್ಕೆ ನನ್ನ ಉತ್ತರ ಒಂದೇ: ಮೊದಲ ಬೇಸಗೆಯಲ್ಲಿ ಕಾವಲು ಇರುವ ಸ್ನಾನಘಟ್ಟ ಬಿಟ್ಟು ಬೇರೆಲ್ಲೂ ಬೇಡ. ಅಲ್ಲಿ ಅದನ್ನು ಷ್ಟ್ರಾಂಡ್‌ಬಾಡ್ ಎನ್ನುತ್ತಾರೆ. ಬರಿಯ ಬಾಡೆಷ್ಟೆಲೆ ಎಂದು ಬರೆದಿದ್ದರೆ ಸ್ನಾನಕ್ಕೆ ಗುರುತಿಸಿದ ಜಾಗ ಎಂದಷ್ಟೇ ಅರ್ಥ. ಅಲ್ಲಿ ಕಾವಲುಗಾರ ಇರಬಹುದು, ಇಲ್ಲದಿರಬಹುದು. ಕಾವಲು ಇದೆಯೋ ಎಂಬುದನ್ನು ಬಾವುಟ ಹೇಳುತ್ತದೆ. ಮೇಲರ್ಧ ಕೆಂಪು, ಕೆಳಗರ್ಧ ಹಳದಿಯ ಬಾವುಟ ಹಾರುತ್ತಿದ್ದರೆ ರಕ್ಷಕರು ಕೆಲಸದಲ್ಲಿದ್ದಾರೆ ಎಂದರ್ಥ. ಅದರ ಜೊತೆಗೆ ಬರಿಯ ಹಳದಿ ಬಾವುಟವೂ ಏರಿದರೆ ಮಕ್ಕಳೂ ಈಜಿನಲ್ಲಿ ಪಳಗದವರೂ ಇಳಿಯಬಾರದು. ಬರಿಯ ಕೆಂಪು ಏರಿದರೆ ಯಾರೂ ಇಳಿಯುವಂತಿಲ್ಲ. ಕೆಂಪು-ಹಳದಿ ಬಾವುಟ ಇಳಿಸಿದ್ದರೆ ರಕ್ಷಕರು ಮನೆಗೆ ಹೋಗಿದ್ದಾರೆ. ಸಂಜೆ ಏಳರ ನಂತರ ಬೆಳಕು ಎಷ್ಟೇ ಇರಲಿ, ಅನೇಕ ಕಡೆ ಹಾಗೆಯೇ. ನಿಮ್ಮ ಮಗಳು ಹೋಗಬೇಕೆಂದಿರುವುದು ಅದೇ ಹೊತ್ತಿಗೆ, ಇದನ್ನು ಅವಳಿಗೆ ಒತ್ತಿ ಹೇಳಿ. "ಬಾಡೆನ್ ಫೆರ್‌ಬೋಟೆನ್" ಎಂಬ ಫಲಕ ಕಂಡರೆ ಅಲ್ಲಿ ಸ್ನಾನ ನಿಷಿದ್ಧ. ಹತ್ತು ಜನ ಈಜುತ್ತಿದ್ದರೂ ಅದರ ಅರ್ಥ ಬದಲಾಗುವುದಿಲ್ಲ.

ಈ ರಕ್ಷಕರಲ್ಲಿ ಹೆಚ್ಚಿನವರು ಡಿಎಲ್‌ಆರ್‌ಜಿ ಎಂಬ ಜೀವರಕ್ಷಕ ಸಂಘದ ಸ್ವಯಂಸೇವಕರು, ಕೆಲವು ಕಡೆ ರೆಡ್‌ಕ್ರಾಸ್‌ನ ಜಲರಕ್ಷಕ ದಳದವರು. 1912ರಲ್ಲಿ ಬಾಲ್ಟಿಕ್ ಸಮುದ್ರದ ರ‍್ಯೂಗನ್ ದ್ವೀಪದ ಬಿನ್ಸ್ ಎಂಬಲ್ಲಿ ಹಡಗುಕಟ್ಟೆ ಕುಸಿದು ಜನ ನೀರಿಗೆ ಬಿದ್ದರು, ದಡದಲ್ಲಿದ್ದವರಿಗೆ ಈಜೂ ಬಾರದು, ರಕ್ಷಣೆಯೂ ಗೊತ್ತಿಲ್ಲ. ಮರುವರ್ಷ, 1913ರಲ್ಲಿ, ಈ ಸಂಘ ಹುಟ್ಟಿತು. ಇಷ್ಟೆಲ್ಲ ವ್ಯವಸ್ಥೆ ಇದ್ದೂ 2024ರಲ್ಲಿ ಆ ದೇಶದಲ್ಲಿ 400ಕ್ಕಿಂತ ಹೆಚ್ಚು ಜನ ಮುಳುಗಿ ಸತ್ತರು. ಅವರಲ್ಲಿ ಬಹುಪಾಲು ಸತ್ತದ್ದು ಸಮುದ್ರದಲ್ಲಲ್ಲ, ಸರೋವರ ಮತ್ತು ನದಿಗಳಲ್ಲಿ. ಕಾವಲಿಲ್ಲದ ಜಾಗಗಳೇ ಇದಕ್ಕೆ ಮುಖ್ಯ ಕಾರಣವೆಂದು ಸಂಘದವರು ವರ್ಷವರ್ಷವೂ ಹೇಳುತ್ತಾ ಬಂದಿದ್ದಾರೆ.

ಉತ್ತರ 2: ಮಂಜೇಶ್ವರದ ಹಿರಿಯರು

ಹೆತ್ತವರ ಕಣ್ಣಿನಿಂದ ಅಷ್ಟು ದೂರದಲ್ಲಿ ಇರುವ ಹುಡುಗಿ ಗುರುತಿಲ್ಲದ ನೀರಿಗೆ ಇಳಿಯುವ ಅಗತ್ಯವಾದರೂ ಏನು? ಓದಲು ಹೋದವಳು ಓದಲಿ. ಈಜು ಊರಿಗೆ ಬಂದಾಗ ಆಗಲಿ. ನಾಲ್ಕು ಮಾತು ಗಟ್ಟಿಯಾಗಿ ಹೇಳಿ ಬೇಡವೆಂದುಬಿಡಿ, ಅದರಲ್ಲಿ ತಪ್ಪೇನೂ ಇಲ್ಲ.

ಉತ್ತರ 3: ಕುಂಬಳೆ ಸಮೀಪ ದೇವಸ್ಥಾನದ ಕೆರೆಯಲ್ಲಿ ಮಕ್ಕಳಿಗೆ ಈಜು ಕಲಿಸುವವನು

ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ಸರೋವರದ ದಡದ ಊರಿನಲ್ಲಿ ನಾಲ್ಕೈದು ವರ್ಷ ಇರಬೇಕಾದವಳು ಈಜಲು ಇಳಿಯದಿದ್ದರೂ ದೋಣಿ ಹತ್ತುತ್ತಾಳೆ, ದಡದಲ್ಲಿ ನಡೆಯುತ್ತಾಳೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಡಲು ಗೆಳೆಯರು ಕರೆಯುತ್ತಾರೆ. ನೀರನ್ನು ಅರಿತು ಇರುವುದು ಅವಳಿಗೆ ಬೇಕೇ ಬೇಕು. ನಿಷೇಧಿಸಿದರೆ ಮಕ್ಕಳು ಹೋಗುವುದು ನಿಲ್ಲುವುದಿಲ್ಲ, ಹೇಳಿ ಹೋಗುವುದು ನಿಲ್ಲುತ್ತದೆ. ನಮ್ಮಲ್ಲಿ ಕೆಂಪುಕಲ್ಲಿನ ಕೋರೆಗಳ ಹೊಂಡಗಳಲ್ಲಿ ಮಳೆಗಾಲದ ನಂತರ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಮನೆಯಲ್ಲಿ ಹೇಳದೆ ಹೋದ ಮಕ್ಕಳದ್ದೇ.

ಈಗ ಅವಳ ಈಜಿನ ಬಗ್ಗೆ. ಹದಿನೈದು ಮೀಟರಿನ ಕೆರೆಯಲ್ಲಿ ಕಲಿತವರ ಈಜಿನಲ್ಲಿ ಒಂದು ದೋಷವನ್ನು ನಾನು ಪದೇ ಪದೇ ಕಂಡಿದ್ದೇನೆ. ಅವರು ಹತ್ತು ಹದಿನೈದು ಬೀಸುಗಳಿಗೆ ಒಮ್ಮೆ ದಡ ಮುಟ್ಟಿ ತಿರುಗುತ್ತಾರೆ, ಆ ಕ್ಷಣದಲ್ಲಿ ಒಂದು ಉಸಿರು ಪೂರ್ತಿಯಾಗಿ ತೆಗೆದುಕೊಳ್ಳುತ್ತಾರೆ. ತಮಗೆ ಗೊತ್ತಿಲ್ಲದೆಯೇ ಅದು ಅವರ ವಿಶ್ರಾಂತಿ. ದಡವಿಲ್ಲದ ನೀರಿನಲ್ಲಿ ಆ ಉಸಿರು ಸಿಗುವುದಿಲ್ಲ, ಐವತ್ತು ಮೀಟರಿಗೇ ಭುಜ ಸೋಲುತ್ತದೆ, ತಲೆ ಎತ್ತಿ ನೋಡತೊಡಗುತ್ತಾರೆ, ತಲೆ ಎತ್ತಿದೊಡನೆ ಕಾಲು ಕೆಳಗಿಳಿಯುತ್ತದೆ. ಇದಕ್ಕೆ ಔಷಧ ಅಂಗಾತ ತೇಲುವುದು. ಕಿವಿ ನೀರಿನೊಳಗೆ ಇರಬೇಕು, ಗಲ್ಲ ಮೇಲಕ್ಕೆ, ಎದೆ ತುಂಬ ಉಸಿರು, ಹೊಟ್ಟೆ ಮೇಲಕ್ಕೆ, ಕೈಗಳನ್ನು ಪಕ್ಕಕ್ಕೆ ಹರಡಿ ಅಂಗೈಯಲ್ಲಿ ಮೆಲ್ಲಗೆ ನೀರನ್ನು ಒತ್ತುತ್ತಿರಬೇಕು. ನನ್ನ ಮಕ್ಕಳಿಗೆ ಇದನ್ನೇ ಮೊದಲು ಕಲಿಸುತ್ತೇನೆ, ಬೀಸು ಆಮೇಲೆ. ಬಟ್ಟೆಯಲ್ಲಿದ್ದರೂ, ಕಾಲು ಹಿಡಿದುಕೊಂಡರೂ, ಉಸಿರು ಕಟ್ಟಿದರೂ ಮಲಗಿ ತೇಲಲು ಬಂದರೆ ಅರ್ಧ ಗೆದ್ದಂತೆ.

ಜರ್ಮನಿಯಲ್ಲಿ ಈಜಿಗೆ ದರ್ಜೆಗಳಿವೆ ಎಂಬುದು ನನಗೆ ತುಂಬ ಮೆಚ್ಚುಗೆಯಾದ ವಿಷಯ. ಸಣ್ಣ ಮಕ್ಕಳ ಮೊದಲ ಬಿಲ್ಲೆಯ ಹೆಸರು ಜೇಪ್‌ಫೇರ್ಡ್‌ಶೆನ್, ಅಂದರೆ ಕಡಲಕುದುರೆ: ಅಂಚಿನಿಂದ ಹಾರಿ 25 ಮೀಟರ್ ಈಜಬೇಕು, ಭುಜದಷ್ಟು ನೀರಿನಡಿಯಿಂದ ಒಂದು ವಸ್ತುವನ್ನು ಎತ್ತಿ ತರಬೇಕು. ಇಷ್ಟು ಬಂದರೆ ನಮ್ಮಲ್ಲಿ "ಈಜು ಬರುತ್ತದೆ" ಎನ್ನುತ್ತೇವೆ. ಅಲ್ಲಿ ಹಾಗಲ್ಲ, ಕಂಚಿನ ಬಿಲ್ಲೆ ಸಿಕ್ಕಿದ ಮೇಲಷ್ಟೇ ನಂಬಿಕೆಯ ಈಜುಗಾರ ಎನ್ನುತ್ತಾರೆ. ಅದಕ್ಕೆ ನೀರಿಗೆ ಹಾರಿ, ಎಲ್ಲೂ ಹಿಡಿಯದೆ 15 ನಿಮಿಷ ಈಜಬೇಕು, ಆ ಹೊತ್ತಿನಲ್ಲಿ ಕನಿಷ್ಠ 200 ಮೀಟರ್ ಕ್ರಮಿಸಬೇಕು, ಅದರಲ್ಲಿ 50 ಮೀಟರ್ ಬೆನ್ನಿನ ಮೇಲೆ. 2 ಮೀಟರ್ ಆಳದಿಂದ ವಸ್ತುವನ್ನು ತರಬೇಕು, ಸ್ನಾನದ ನಿಯಮಗಳನ್ನೂ ಬಾಯಲ್ಲಿ ಹೇಳಬೇಕು. ನಿಮ್ಮ ಮಗಳು ಆ ಪರೀಕ್ಷೆಯನ್ನು ಒಳಾಂಗಣದ ಕೊಳದಲ್ಲಿ ತಾನಾಗಿಯೇ ಮಾಡಿ ನೋಡಲಿ. 15 ನಿಮಿಷ ನಿರಾಯಾಸವಾಗಿ ಆಗುವ ತನಕ ಕಾಲು ನೆಲಕ್ಕೆ ತಾಗದ ಸರೋವರದ ನೀರು ಬೇಡ. ಆದ ಮೇಲೂ ದಡದಿಂದ ನೇರವಾಗಿ ಒಳಕ್ಕೆ ಹೋಗದೆ ದಡದ ಉದ್ದಕ್ಕೆ, ಎದೆಮಟ್ಟದ ನೀರಿನ ಅಂಚಿನಲ್ಲಿ ಈಜಲಿ. ದೂರ ಅಷ್ಟೇ ಆಗುತ್ತದೆ, ನೆಲ ಮಾತ್ರ ಹತ್ತಿರದಲ್ಲಿ ಇರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಹಿರಿಯರ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ; ಮನೆಯವಳ ಅಭಿಪ್ರಾಯವೂ ಅದೇ. ಆದರೆ ಕುಂಬಳೆಯವರು ಹೇಳಿದ "ಹೇಳಿ ಹೋಗುವುದು ನಿಲ್ಲುತ್ತದೆ" ಎಂಬ ಮಾತು ನನ್ನೊಳಗೆ ನಾಟಿತು.

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ದಡ ಮುಟ್ಟಿ ಉಸಿರು ತೆಗೆಯುವ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಅಪ್ಪಾ, ನಾನು ಹಾಗೆಯೇ ಮಾಡುವುದು" ಎಂದಳು. ಅವಳಿಂದ ಎರಡು ಪ್ರಶ್ನೆಗಳಿವೆ. ಮೊದಲನೆಯದು, ತಣ್ಣೀರಿಗೆ ದೇಹವನ್ನು ಹೇಗೆ ಒಗ್ಗಿಸಿಕೊಳ್ಳಬೇಕು? ಎರಡನೆಯದು, ದಡದ ಒಂದು ಮೂಲೆಯಲ್ಲಿ ಹಸಿರು ಬಣ್ಣ ಕಲಸಿದಂತೆ ನೀರು ಕಾಣುತ್ತದಂತೆ, ಅದು ನಮ್ಮ ಕೆರೆಯ ಪಾಚಿಯಂಥದೋ ಬೇರೆಯೋ?

ಉತ್ತರ 4: ಕಾಸರಗೋಡಿನಿಂದ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದ ನರ್ಸ್

ತಣ್ಣೀರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನೀರ್ಚಾಲಿನವರು ವರ್ಣಿಸಿದ ಆ ತಾನಾಗಿ ಬರುವ ಉಸಿರು ಹೆದರಿಕೆಯಿಂದ ಆಗುವುದಲ್ಲ; ಚರ್ಮ ಒಮ್ಮೆಲೇ ತಣಿದಾಗ ನರಗಳು ಮಾಡುವ ಪ್ರತಿಕ್ರಿಯೆ ಅದು. ಮೊದಲು ಒಂದು ಏದುಸಿರು, ಆಮೇಲೆ ತಡೆಯಿಲ್ಲದ ವೇಗದ ಉಸಿರಾಟ, ಜೊತೆಗೆ ಹೃದಯದ ಬಡಿತವೂ ರಕ್ತದೊತ್ತಡವೂ ಏರುತ್ತವೆ. ತಲೆ ನೀರಿನೊಳಗಿದ್ದಾಗ ಆ ಮೊದಲ ಏದುಸಿರು ಬಂದರೆ ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ, ಎಂಥ ಈಜುಗಾರನಿಗೂ ಇದು ತಪ್ಪಿದ್ದಲ್ಲ. ಸಮಾಧಾನದ ವಿಷಯವೆಂದರೆ ಈ ಆಘಾತ ಒಂದೆರಡು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ಈಜಲು ಹೋಗದೆ ಅಂಗಾತ ತೇಲುತ್ತಲೋ ಏನನ್ನಾದರೂ ಹಿಡಿದುಕೊಂಡೋ ಉಸಿರು ಹತೋಟಿಗೆ ಬರುವ ತನಕ ಕಾಯಬೇಕು.

ಆದ್ದರಿಂದ ಹಾರುವುದು ಬೇಡವೇ ಬೇಡ. ಬಿಸಿಲಿನಲ್ಲಿ ಮೈ ಕಾದಿದ್ದರೆ ಮೊದಲು ನೆರಳಿನಲ್ಲಿ ಕುಳಿತು ತಣಿಯಲಿ. ಅನಂತರ ಕಾಲು, ಕೈ, ಕತ್ತು, ಎದೆ, ಮುಖ ಎಂಬ ಕ್ರಮದಲ್ಲಿ ನೀರು ಚಿಮುಕಿಸಿಕೊಂಡು, ಸೊಂಟದ ತನಕ ನಡೆದು ಹೋಗಿ, ಉಸಿರು ಸಹಜವಾಗಿದೆಯೇ ಎಂದು ನೋಡಿಕೊಂಡೇ ಮುಂದಕ್ಕೆ ಹೋಗಲಿ. ವಾರಕ್ಕೆ ಎರಡು ಮೂರು ಸಲ ಹೀಗೆ ಐದೈದು ನಿಮಿಷ ಇಳಿದರೆ ದೇಹ ನಿಜವಾಗಿಯೂ ಒಗ್ಗಿಕೊಳ್ಳುತ್ತದೆ, ಏದುಸಿರು ಕಡಿಮೆಯಾಗುತ್ತದೆ. ನೀರು ಗಾಳಿಗಿಂತ ಬಹಳ ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ 17-18 ಡಿಗ್ರಿಯ ನೀರಿನಲ್ಲಿ ಹೊಸಬರಿಗೆ ಹತ್ತು ನಿಮಿಷ ಧಾರಾಳ. ಬೆರಳುಗಳು ಒಂದಕ್ಕೊಂದು ಕೂಡಿಕೊಳ್ಳದೆ ಅಗಲವಾಗತೊಡಗಿದರೆ, ಮಾತು ತೊದಲಿದರೆ, ಆ ಕ್ಷಣ ಹೊರಗೆ ಬರಬೇಕು. ಬಂದ ಮೇಲೂ ಹತ್ತಾರು ನಿಮಿಷ ಮೈ ಇನ್ನಷ್ಟು ತಣಿಯುತ್ತದೆ. ಒದ್ದೆ ಬಟ್ಟೆ ಬದಲಿಸಿ ಟೋಪಿ ಹಾಕಿ ಬಿಸಿಯಾದ ಏನನ್ನಾದರೂ ಕುಡಿಯಲಿ. ಬಿಯರ್ ಕುಡಿದು ನೀರಿಗಿಳಿಯುವ ಗೆಳೆಯರ ಗುಂಪಿನಲ್ಲಿ ಅವಳು ದಡದಲ್ಲಿ ಉಳಿಯಬೇಕು. ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಣ್ಣೀರಿಗೆ ಇಳಿಯುವಂತಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಏರಿ ಇಳಿಯುತ್ತಿರುವಾಗ ಕೂಗಲು ಉಸಿರೇ ಇರುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಪಕ್ಕದಲ್ಲಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ದೂರದಿಂದ ನೋಡಿದವರಿಗೆ ಆಡುತ್ತಿರುವಂತೆ ಕಾಣುತ್ತದೆ. ಜೊತೆಯವರು ಹಾಗೆ ಕಂಡರೆ ನಿಮ್ಮ ಮಗಳು ತಾನೇ ಈಜಿಕೊಂಡು ಹೋಗಿ ಹಿಡಿಯಬಾರದು. ಹಿಡಿದವರನ್ನು ಅವರು ಏಣಿಯಂತೆ ಹತ್ತುತ್ತಾರೆ. ನೀರಿನಲ್ಲಿ ತೇಲುವ ರಕ್ಷಣಾ ಉಂಗುರ, ಹಗ್ಗ, ಮುಚ್ಚಳ ಹಾಕಿದ ಖಾಲಿ ಡಬ್ಬಿ, ಹುಟ್ಟು, ಯಾವುದು ಸಿಕ್ಕರೆ ಅದನ್ನು ಎಸೆದು ಅಥವಾ ಚಾಚಿ, 112ಕ್ಕೆ ಕರೆ ಮಾಡಬೇಕು. ನಮ್ಮಲ್ಲೂ ಅಲ್ಲೂ ಅದೇ ಸಂಖ್ಯೆ ಎಂಬುದು ನೆನಪಿಡಲು ಸುಲಭ. ಹೊರಗೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವ ನಮ್ಮ ಹಳೆಯ ಪದ್ಧತಿ ಬೇಡ. ಯುರೋಪಿನ ಮಾರ್ಗಸೂಚಿಯಂತೆ ಮೊದಲು ಐದು ಸಲ ಬಾಯಿಯಿಂದ ಉಸಿರು ಕೊಟ್ಟು, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೆ ಸಹಾಯ ಬರುವ ತನಕ ಮುಂದುವರಿಸಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ.

ಉತ್ತರ 5: ನೀರ್ಚಾಲಿನಿಂದ, ಮತ್ತೊಮ್ಮೆ

ಹಸಿರು ನೀರಿನ ವಿಷಯ. ನಮ್ಮ ಕೆರೆಯಲ್ಲಿ ಕಲ್ಲಿಗೆ ಅಂಟುವ, ನೂಲಿನಂತೆ ಎತ್ತಬಹುದಾದ ಪಾಚಿ ಜಾರುವುದೊಂದು ಬಿಟ್ಟರೆ ನಿರುಪದ್ರವಿ. ಅಲ್ಲಿ ಬಣ್ಣ ಕಲಸಿದಂತೆ, ಗಾಳಿ ತಳ್ಳಿದ ಮೂಲೆಯಲ್ಲಿ ಕೆನೆಗಟ್ಟಿದಂತೆ ಕಾಣುವುದು ಬಹುಶಃ ಅವರು ನೀಲಿ ಪಾಚಿ ಎನ್ನುವ ಸಯನೋಬ್ಯಾಕ್ಟೀರಿಯಾ. ಗೊಬ್ಬರದ ಅಂಶ ಸೇರಿದ ನೀರು ಬಿಸಿಯಾದಾಗ ಅದು ಹೆಚ್ಚುತ್ತದೆ; ಅದರ ಕೆಲವು ಬಗೆಗಳು ವಿಷ ಬಿಡುತ್ತವೆ, ಕುಡಿದರೆ ವಾಂತಿ ಭೇದಿ, ಚರ್ಮಕ್ಕೆ ತುರಿಕೆ. ಅಲ್ಲಿನವರು ಹೇಳಿಕೊಡುವ ಉಪಾಯ ಸರಳ: ಮೊಣಕಾಲಿನಷ್ಟು ನೀರಿನಲ್ಲಿ ನಿಂತು ಕೆಳಗೆ ನೋಡಬೇಕು, ತನ್ನ ಪಾದಗಳು ಕಾಣದಷ್ಟು ನೀರು ಹಸಿರಾಗಿದ್ದರೆ ಹಿಂದಕ್ಕೆ ಬರಬೇಕು. ಅಧಿಕೃತ ಸ್ನಾನಘಟ್ಟಗಳ ನೀರನ್ನು ಬೇಸಗೆಯ ಸ್ನಾನದ ಋತುವಿನಲ್ಲಿ ಯುರೋಪಿಯನ್ ಒಕ್ಕೂಟದ ನಿಯಮದಂತೆ ಪರೀಕ್ಷಿಸಿ ಅತ್ಯುತ್ತಮ, ಉತ್ತಮ, ಸಾಕಷ್ಟು, ಕಳಪೆ ಎಂದು ವಿಂಗಡಿಸುತ್ತಾರೆ. ಫಲಕದಲ್ಲಿ ಅದನ್ನು ಓದಬಹುದು. ಆದರೆ ಆ ದರ್ಜೆ ಮಲಮೂಲದ ಬ್ಯಾಕ್ಟೀರಿಯಾಗಳನ್ನು ಎಣಿಸಿ ಕೊಟ್ಟದ್ದು, ಇವತ್ತಿನ ಪಾಚಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬೇಸಗೆಯ ನಡುವೆ ಕಾಲಿನಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆಗಳೆದ್ದರೆ ಗಾಬರಿ ಬೇಡ. ಬಾತುಕೋಳಿಗಳ ದೇಹದಲ್ಲಿ ಬೆಳೆಯುವ ಪರೋಪಜೀವಿಯ ಮರಿಗಳು ದಾರಿ ತಪ್ಪಿ ನಮ್ಮ ಚರ್ಮಕ್ಕೆ ಹೊಕ್ಕು ಅಲ್ಲೇ ಸಾಯುತ್ತವೆ, ತುರಿಕೆ ಮಾತ್ರ.

ಸುತ್ತಲಿನ ಊರುಗಳಿಗೆ ಹೋದಾಗ ಬಾಗ್ಗರ್‌ಜೇ ಎಂಬ ಹೆಸರು ಕಂಡರೆ ಅದು ಮರಳು, ಜಲ್ಲಿ ತೆಗೆದ ಹೊಂಡ ನೀರು ತುಂಬಿ ಆದ ಸರೋವರ. ಕುಂಬಳೆಯವರು ಹೇಳಿದ ನಮ್ಮ ಕೋರೆಗಳ ಅಣ್ಣನೆಂದೇ ತಿಳಿಯಿರಿ. ನೀರು ತಿಳಿಯಾಗಿ ಆಕರ್ಷಕವಾಗಿರುತ್ತದೆ, ಎರಡು ಹೆಜ್ಜೆಯಲ್ಲಿ ನೆಲ ಕಡಿದು ಆಳವಾಗುತ್ತದೆ, ಇನ್ನೂ ಅಗೆಯುತ್ತಿರುವ ಕಡೆಗಳಲ್ಲಿ ಮರಳಿನ ದಡವೇ ನಿಂತವರ ಸಮೇತ ಜಾರುತ್ತದೆ. ಪ್ಲೋನ್ ಸರೋವರ ಹಾಗಲ್ಲ, ಅದು ಹಿಮಯುಗದ ಹಿಮನದಿ ಕೊರೆದು ಮಾಡಿದ್ದು. ಅದರ ತೊಂದರೆ ಗಾಳಿ. ಅಷ್ಟು ಅಗಲದ ನೀರಿನ ಮೇಲೆ ಮಧ್ಯಾಹ್ನದ ನಂತರ ಗಾಳಿ ಎದ್ದರೆ ಸಣ್ಣ ಅಲೆಗಳು ಒಂದರ ಹಿಂದೊಂದು ಮುಖಕ್ಕೆ ಬಡಿಯುತ್ತವೆ. ಹೋಗುವಾಗ ಗಾಳಿಯೊಂದಿಗೆ ಹೋದವಳಿಗೆ ಬರುವಾಗ ಅದರೆದುರು ಈಜಬೇಕಾಗುತ್ತದೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದರೊಂದಿಗೆ ಬರುವುದು ಜಾಣತನ. ಗುಡುಗು ಕೇಳಿದರೆ, ಎಷ್ಟೇ ದೂರದ್ದಾಗಿರಲಿ, ಹೊರಗೆ. ಬೇಸಗೆಯಲ್ಲಿ ಪ್ರವಾಸಿಗರ ದೋಣಿಗಳು ಓಡಾಡುತ್ತವೆ, ಮಾರ್ಗದರ್ಶಕ ತೇಲುಗುಂಡುಗಳ ಸಾಲಿನಿಂದ ಆಚೆಗೆ ಅವಳು ಹೋಗಬಾರದು.

ಮತ್ತು ಒಂದು ತೇಲುಚೀಲ ಕೊಳ್ಳಲಿ. ಸೊಂಟಕ್ಕೆ ಪಟ್ಟಿ, ಪಟ್ಟಿಯಿಂದ ಒಂದು ಮಾರು ಹಗ್ಗ, ಅದರ ತುದಿಯಲ್ಲಿ ಗಾಳಿ ತುಂಬಿದ ಕಿತ್ತಳೆ ಬಣ್ಣದ ಚೀಲ. ಈಜುವಾಗ ಹಿಂದಿನಿಂದ ತೇಲಿಕೊಂಡು ಬರುತ್ತದೆ, ಈಜಿಗೆ ಅಡ್ಡಿಯಿಲ್ಲ. ದೋಣಿಯವರಿಗೆ ದೂರದಿಂದ ಕಾಣುತ್ತದೆ, ಸುಸ್ತಾದರೆ ಎದೆಯಡಿಗೆ ಎಳೆದುಕೊಂಡು ವಿಶ್ರಮಿಸಬಹುದು. ಈಜು ಬಾರದವರನ್ನು ಅದು ಕಾಪಾಡುವುದಿಲ್ಲ, ಬರುವವರಿಗೆ ಮಾತ್ರ ಆಸರೆ. ನಿಮ್ಮ ಒಣ ತೆಂಗಿನಕಾಯಿಗಳ ಜೋಡಿಯನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಚಳಿಗಾಲದ ಮಂಜುಗಡ್ಡೆಯ ಬಗ್ಗೆ ಕುಂಬಳೆಯವರು ಪ್ರಸ್ತಾಪಿಸಿದರಲ್ಲ: ನಿಂತ ನೀರಿನಲ್ಲಿ ಗಡ್ಡೆ ಕನಿಷ್ಠ 15 ಸೆಂಟಿಮೀಟರ್ ದಪ್ಪ ಇರಬೇಕು, ಹರಿಯುವ ನೀರಿನಲ್ಲಿ 20, ಎಂದು ಡಿಎಲ್‌ಆರ್‌ಜಿಯವರು ಹೇಳುತ್ತಾರೆ. ಪ್ಲೋನ್ ಸರೋವರದ ಮೂಲಕ ಷ್ವೆಂಟೀನೆ ನದಿ ಹಾದುಹೋಗುವುದರಿಂದ ಒಂದೇ ಸರೋವರದಲ್ಲಿ ಎರಡೂ ಬಗೆಯ ನೀರಿದೆ. ನಡೆಯಬಹುದೆಂದು ಅಲ್ಲಿನ ಆಡಳಿತ ಅನುಮತಿ ಕೊಡದ ಮಂಜುಗಡ್ಡೆಯ ಮೇಲೆ ಕಾಲಿಡದಿರಲಿ.

ಉತ್ತರ 6: ಮಂಜೇಶ್ವರದ ಹಿರಿಯರು

ಓದಿದೆ. ಇಷ್ಟು ತಿಳಿದುಕೊಂಡು ಇಳಿಯುವುದಾದರೆ ನನ್ನ ಆಕ್ಷೇಪವಿಲ್ಲ. ಒಬ್ಬಳೇ ಇಳಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ ಎಂದು ನನ್ನ ಪರವಾಗಿ ಹೇಳಿ.

ಪ್ರಶ್ನೆ ಕೇಳಿದವರು

ಹೇಳಿದ್ದೇನೆ, ಒಪ್ಪಿದ್ದಾಳೆ. ಜೊತೆಗೆ ಬರುವವಳು ಅದೇ ಊರಿನ ಸಹೋದ್ಯೋಗಿ, ಬೆಳ್ಳಿಯ ಬಿಲ್ಲೆಯ ತನಕ ಪರೀಕ್ಷೆ ಪಾಸಾದವಳಂತೆ. ಇವಳು ಮೊದಲು ಒಳಾಂಗಣದ ಕೊಳದಲ್ಲಿ ಹೋಗಿ ನೋಡಿದಳು: ಒಂಬತ್ತು ನಿಮಿಷಕ್ಕೆ ಭುಜ ಸೋತಿತು. ಎರಡು ವಾರ ಬಿಟ್ಟು ಮತ್ತೆ ಹೋದಾಗ ಹದಿನೈದು ಪೂರ್ತಿಯಾಯಿತು, ನಡುವೆ ಎರಡು ಸಲ ಅಂಗಾತ ತೇಲಿದಳಂತೆ. ಸರೋವರಕ್ಕೆ ಶನಿವಾರ ಮಧ್ಯಾಹ್ನ, ಕೆಂಪು-ಹಳದಿ ಬಾವುಟ ಇರುವ ಹೊತ್ತಿಗೆ ಹೋಗುವುದೆಂದು ನಿಶ್ಚಯಿಸಿದ್ದಾರೆ; ಹೋಗುವ ಮೊದಲು ಒಂದು ಸಂದೇಶ, ಬಂದ ಮೇಲೆ ಒಂದು ಸಂದೇಶ.

ಕಿತ್ತಳೆ ಬಣ್ಣದ ಚೀಲ ನಿನ್ನೆ ಅವಳ ಕೈಸೇರಿತು. ಕೋಣೆಯಲ್ಲೇ ಗಾಳಿ ತುಂಬಿಸಿ ಸೊಂಟಕ್ಕೆ ಕಟ್ಟಿಕೊಂಡು ಚಿತ್ರ ಕಳುಹಿಸಿದ್ದಾಳೆ. ಮನೆಯವಳು ಅದನ್ನು ಬಹಳ ಹೊತ್ತು ನೋಡಿ, ಪಟ್ಟಿಯ ಕೊಂಡಿ ನೀರಿನಲ್ಲಿ ಬಿಚ್ಚಿಹೋಗುವುದಿಲ್ಲವಷ್ಟೇ ಎಂದು ಕೇಳಿದಳು. ನೀರ್ಚಾಲಿನವರು ಅದೊಂದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 7: ನೀರ್ಚಾಲಿನಿಂದ

ಬಿಚ್ಚುವುದಿಲ್ಲ. ಕೊಂಡಿಯನ್ನು ಹಾಕಿದ ಮೇಲೆ ಉಳಿದ ಪಟ್ಟಿಯನ್ನು ಎಳೆದು ಬಿಗಿಮಾಡಿ, ತುದಿಯನ್ನು ಒಳಕ್ಕೆ ಸಿಕ್ಕಿಸಲು ಹೇಳಿ. ಸಡಿಲವಾಗಿದ್ದರೆ ಸೊಂಟದಿಂದ ಕೆಳಕ್ಕೆ ಜಾರಿ ಕಾಲಿಗೆ ತೊಡಕಾಗುತ್ತದೆ. ಗಾಳಿ ತುಂಬುವ ಬಾಯಿಯ ಮುಚ್ಚಳವನ್ನು ಪ್ರತಿ ಸಲವೂ ಇಳಿಯುವ ಮೊದಲು ಒತ್ತಿ ನೋಡಲಿ.